ಅರವತ್ತನಾಲ್ಕು ಕೋರಿಗೆ ಒಂದೇ ಬಾಗಿಲು

ಖರೀದಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ನೀವು ಕೊಡಿಸಿದ ಕಂಪ್ಯೂಟರು ಘಟಪ್ರಭೆಯ ನೀರು ಎಲ್ಲಿಗೆ, ಯಾವಾಗ ಬರುತ್ತದೆ ಎಂಬುದನ್ನು ಕರಾರುವಾಕ್ಕಾಗಿ ಹೇಳುತ್ತದೆ. ನೀರು ಬಂದು ಐದು ತಾಸಾದ ಮೇಲೆ ಹೇಳುತ್ತದೆ. ಅಷ್ಟು ಹೊತ್ತಿಗೆ ಅದನ್ನು ತಿಳಿಯಲು ಕಂಪ್ಯೂಟರು ಬೇಕಿಲ್ಲ, ಮೊಣಕಾಲು ಸಾಕು.

ನಾನು ಗೋಕಾಕದ ಕಾಲೇಜೊಂದರಲ್ಲಿ ಗಣಿತ ಕಲಿಸುವವಳು. ಹುಕ್ಕೇರಿ ಕಡೆಯ ಅಣೆಕಟ್ಟಿನಿಂದ ಬಿಟ್ಟ ನೀರು ಗೋಕಾಕ ದಾಟಿ ಮೂಡಲಗಿ ಸೀಮೆಯ ದಂಡೆ ಹೊಲಗಳಿಗೆ ಹೇಗೆ ಹರಡುತ್ತದೆಂದು ಮೊದಲೇ ಲೆಕ್ಕ ಹಾಕುವ ಪ್ರೋಗ್ರಾಮ್ ಬರೆದಿದ್ದೇನೆ. ಎರಡು ವರ್ಷದ ಹಿಂದೆ ಎರವಲು ಯಂತ್ರದ ಮೇಲೆ ಅದು ಎರಡೇ ತಾಸಿನಲ್ಲಿ ಉತ್ತರ ಕೊಟ್ಟಿತ್ತು. ಅದನ್ನು ತಿಳಿಸಲು ನಾನು ಮಾಡಿದ ಒಂದು ಫೋನಿನ ಮೇಲೆ ನಾಗನೂರಿನ ಶೆಟ್ಟೆವ್ವ, ದಂಡೆ ಹೊಲದಲ್ಲಿ ಸುತ್ತ ಬಲೆ ಕಟ್ಟಿ ತರುಬಿದ್ದ ತಮ್ಮ ಕುರಿಗಳನ್ನು ಒಂದೂ ಬಿಡದೆ ದಿಬ್ಬಕ್ಕೆ ಏರಿಸಿದ್ದರು.

ನಮ್ಮದೇ ಯಂತ್ರ ಬೇಕೆಂದು ತಮಗೆ ಬರೆದೆ. ಇಪ್ಪತ್ತನಾಲ್ಕು ಕೋರಿನ, ಅಂದರೆ ಒಮ್ಮೆಗೇ ಲೆಕ್ಕ ಮಾಡುವ ಇಪ್ಪತ್ತನಾಲ್ಕು ಭಾಗಗಳ ಪ್ರೊಸೆಸರ್ ಸಾಕು, ಆದರೆ ಅದಕ್ಕೆ ಸೇರಿದ ಎಂಟು ಮೆಮೊರಿ ಜಾಗಗಳನ್ನೂ ತುಂಬಲೇಬೇಕು, ಈ ಬಗೆಯ ಲೆಕ್ಕದಲ್ಲಿ ಕೋರುಗಳು ದುಡಿಯುವುದಕ್ಕಿಂತ ಮೆಮೊರಿಯಿಂದ ಅಂಕಿ ಬರಲೆಂದು ಕಾಯುವುದೇ ಹೆಚ್ಚು, ಎಂದು ಎರಡು ಪುಟ ವಿವರಿಸಿದೆ. ತಾವು ಓದಿದಿರೋ ಇಲ್ಲವೋ, ಸಭೆಯಲ್ಲಿ ಕೇಳಿದ್ದು ಮಾತ್ರ ನೆನಪಿದೆ: “ಮೇಡಂ, ಅರವತ್ನಾಕು ದೊಡ್ಡದೋ, ಇಪ್ಪತ್ನಾಕು ದೊಡ್ಡದೋ? ಗಣಿತ ಕಲಸೋರಿಗೆ ಇಷ್ಟೂ ತಿಳಿಯಂಗಿಲ್ಲೇನ್ರಿ?” ಸಭೆ ನಕ್ಕಿತು. ನಾನೂ ನಕ್ಕೆ, ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅರವತ್ತನಾಲ್ಕು ಕೋರಿನದು ಬಂತು. ಎಂಟು ಸಣ್ಣ ಮೆಮೊರಿ ಪಟ್ಟಿಗಳ ಬದಲು ಅಷ್ಟೇ ಸಾಮರ್ಥ್ಯದ ಒಂದು ದೊಡ್ಡ ಪಟ್ಟಿ ಹಾಕಿಸಿದ್ದೀರಿ. ಏಳು ಜಾಗ ಖಾಲಿ, ಅಂಕಿಗಳು ಬರಲು ಉಳಿದದ್ದು ಒಂದೇ ದಾರಿ. ಇದು ಕೈತಪ್ಪಿನಿಂದ ಆದದ್ದಲ್ಲ. ತಮ್ಮ ಅಂಕಪಟ್ಟಿಯಲ್ಲಿ “ಭವಿಷ್ಯದ ವಿಸ್ತರಣೆಗೆ ಅವಕಾಶ” ಎಂಬ ಕಾಲಮ್ಮಿದೆ. ಖಾಲಿ ಜಾಗ ಹೆಚ್ಚಿದ್ದಷ್ಟೂ ಅಂಕ ಹೆಚ್ಚು. ಹೀಗಾಗಿ ನಮ್ಮ ಯಂತ್ರ ತನ್ನಲ್ಲಿ ಇಲ್ಲದ್ದಕ್ಕಾಗಿ ಪೂರ್ತಿ ಅಂಕ ಪಡೆದು ಪಾಸಾಯಿತು. ಮೇಲೆ ಗ್ಯಾರಂಟಿಯ ಅರಗಿನ ಮುದ್ರೆ ಬೇರೆ, ಮೂರು ವರ್ಷ ಯಾರೂ ಬಿಚ್ಚುವಂತಿಲ್ಲ. ಭವಿಷ್ಯವನ್ನು ಇಷ್ಟು ಭದ್ರವಾಗಿ ಬೀಗ ಹಾಕಿ ಇಟ್ಟವರು ಮತ್ತೊಬ್ಬರಿಲ್ಲ.

ತಾವು ರಿಬ್ಬನ್ ಕತ್ತರಿಸುವ ತನಕ ಯಂತ್ರವನ್ನು ಮುಟ್ಟಬಾರದೆಂದು ಆದೇಶವಿತ್ತು. ಕತ್ತರಿಸಿದ ಮರುದಿನವೇ ಬೆಳಿಗ್ಗೆ ಆರಕ್ಕೆ ಅಣೆಕಟ್ಟಿನ ಬಾಗಿಲು ತೆರೆದರು, ನಾನು ಲೆಕ್ಕ ಶುರು ಮಾಡಿದೆ. ಒಂಬತ್ತಕ್ಕೆ ಶೆಟ್ಟೆವ್ವನವರ ಫೋನು.

“ಅಕ್ಕೋರ, ಬಲಿ ಬಿಚ್ಚಲೇನ್ರಿ? ಮರಿ ಭಾಳ ಎಳೀವದಾವು, ಮಳ್ಯಾಗ ಸುಮ್ನ ನಡಸಾಕ ಮನಸಿಲ್ಲ.”

“ಹೊಸಾ ಮಷಿನ್ ಬಂದೈತ್ರಿ, ಸ್ವಲ್ಪ ತಡೀರಿ. ಈಗ ಹೇಳ್ತೇನಿ,” ಅಂದೆ.

ಮಧ್ಯಾಹ್ನವಾದರೂ ಲೆಕ್ಕ ಅರ್ಧಕ್ಕೂ ಬಂದಿರಲಿಲ್ಲ. ಇನ್ನೇನು ಮುಗಿಯುತ್ತದೆ, ಹಳೆಯದಕ್ಕಿಂತ ದೊಡ್ಡದಲ್ಲವೇ ಎಂದು ಕಾದೆ. ಎರಡಕ್ಕೆ ನೀರು ಹೊಲಕ್ಕೆ ನುಗ್ಗಿತು. ದೊಡ್ಡ ಕುರಿಗಳು ಹೇಗೋ ಪಾರಾದವು, ಹದಿನೇಳು ಮರಿ ಹೋದವು. ಸಂಜೆ ಏಳಕ್ಕೆ ತಮ್ಮ ಯಂತ್ರ ಉತ್ತರ ಕೊಟ್ಟಿತು: ಎರಡು ಗಂಟೆಗೆ ನೀರು ಬರುತ್ತದೆ.

ಮುಂದಿನ ವಾರ ನಾಗನೂರಿಗೆ ಹೋಗಿ, ತಡವಾದದ್ದು ಯಾಕೆಂದು ತಿಳಿದಷ್ಟು ಹೇಳಿದೆ. ಶೆಟ್ಟೆವ್ವ ಕಂಪ್ಯೂಟರು ಮುಟ್ಟಿದವರಲ್ಲ. ನನ್ನ ಮುಂದೆ ಚಹಾ ಇಟ್ಟು ಕೇಳಿದರು:

“ಅಂದ್ರ, ಅರವತ್ನಾಕ ಮಂದಿ ಕತ್ತರಿ ಹಿಡದು ಉಣ್ಣಿ ಕತ್ತರಸಾಕ ಕುಂತಾರ, ಕುರಿ ಮಾತ್ರ ಒಂದ ಬಾಗಲದಾಗ ಒಂದೊಂದ ಬರಾಕತ್ತಾವು. ಹೌದಲ್ರಿ?”

“ಹೌದ್ರಿ.”

“ಉಳದ ಏಳ ಬಾಗಲಾ ಯಾಕ ಮುಚ್ಯಾರ?”

“ಮುಂದ ಬೇಕಾಗ್ತಾವಂತ್ರಿ.”

“ಮುಂದ ಅಂದ್ರ ಯಾವಾಗ್ರಿ ಅಕ್ಕೋರ? ನೀರ ಬಂದ ಹೋತಲ್ಲ.”

ಮಾನ್ಯರೇ, ತಮ್ಮ ಸಮಿತಿ ನಾಲ್ಕು ಸಭೆ ಸೇರಿ ಅರಿಯದ್ದನ್ನು ಆಕೆ ಒಂದು ಕಪ್ ಚಹಾ ಆರುವುದರೊಳಗೆ ಅರಿತರು. ನನ್ನ ದೂರಿಗೆ ತಾವು ಕೊಟ್ಟ ಉತ್ತರವನ್ನೂ ಅವರಿಗೆ ಓದಿ ಹೇಳಬೇಕೆಂದಿದ್ದೆ, ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. “ಯಂತ್ರವು ನಿಗದಿತ ಮಾನದಂಡಗಳಿಗಿಂತ ಉತ್ತಮವಾಗಿದ್ದು, ಬಳಕೆದಾರರಿಗೆ ತರಬೇತಿಯ ಅವಶ್ಯಕತೆ ಕಂಡುಬರುತ್ತದೆ.” ತರಬೇತಿ ಖಂಡಿತ ಬೇಕು. ಮಧ್ಯಾಹ್ನದ ತನಕ ತಮ್ಮ ಯಂತ್ರವನ್ನು ನಂಬಿ ಕೂತವಳು ನಾನು, ಮರಿಗಳ ವಿಷಯದಲ್ಲಿ ನನ್ನ ತಪ್ಪು ತಮ್ಮದಕ್ಕಿಂತ ಸಣ್ಣದಲ್ಲ. ವ್ಯತ್ಯಾಸವಿಷ್ಟೇ, ನನಗೆ ಅದು ತಿಳಿದಿದೆ.

ಆದ್ದರಿಂದ ನನ್ನ ಬೇಡಿಕೆ. ಬರುವ ಮಳೆಗಾಲಕ್ಕೆ ಮುಂಚೆ ಆ ಮುದ್ರೆ ಒಡೆಸಿ, ಎಂಟೂ ಜಾಗ ತುಂಬಿಸಿ. ಅದು ಆಗದಿದ್ದರೆ ತಾವೇ ಒಮ್ಮೆ ನಾಗನೂರಿಗೆ ಬಂದು, ತಮ್ಮ ಕಾಲಮ್ಮಿನ ಭವಿಷ್ಯ ಯಾವ ತಾರೀಖಿನಿಂದ ಶುರುವಾಗುತ್ತದೆಂದು ಶೆಟ್ಟೆವ್ವನವರಿಗೆ ಹೇಳಿ ಹೋಗಿ.

ನಿನ್ನೆ ಅಣೆಕಟ್ಟಿನಿಂದ ಮತ್ತೆ ಸ್ವಲ್ಪ ನೀರು ಬಿಟ್ಟರು. ನಾನು ದಿನವಿಡೀ ಫೋನು ಕೈಯಲ್ಲೇ ಹಿಡಿದು ಕೂತಿದ್ದೆ. ಬಲಿ ಬಿಚ್ಚಲೇನ್ರಿ ಎಂದು ಶೆಟ್ಟೆವ್ವ ಕೇಳಲಿಲ್ಲ.

ಇಂತಿ,
ಅರವತ್ತನಾಲ್ಕು ದೊಡ್ಡದೆಂದು ಈಗ ಬಾಯಿಪಾಠ ಮಾಡಿರುವ ಗಣಿತದ ಅಕ್ಕೋರು,
ಪೂನಮ್
ಅರಭಾವಿ