ಕೊನೆಯಲ್ಲಿ ಬಿಟ್ಟ ಜಾಗ

ಗುರುವಾರ, ೧೨ ಜೂನ್

ನಾಳೆ ನಮ್ಮ ಸ್ಮಾರ್ಟ್ ಕಾಂಟ್ರಾಕ್ಟ್‌ನ ಅಂದರೆ ಬ್ಲಾಕ್‌ಚೈನ್ ಮೇಲೆ ಓಡುವ ಪ್ರೋಗ್ರಾಮಿನ, ಹೊಸ ಆವೃತ್ತಿ ಬಿಡುಗಡೆಯಾಗಬೇಕು, ಇವತ್ತು ಪರೀಕ್ಷೆಯಲ್ಲೇ ಮುಗ್ಗರಿಸಿತು! ಹಳೆಯ ಕೋಡ್‌ನಿಂದ ಬಂದ ಸದಸ್ಯರ ದಾಖಲೆಯ ನಡುವೆ ನನ್ನದೊಂದು ಹೊಸ ಖಾನೆ ತುರುಕಿದ್ದೆ. ಕೆಳಗಿನದೆಲ್ಲ ಜರುಗಿ, ವಯಸ್ಸಿನ ಜಾಗದಲ್ಲಿ ಸೇರಿದ ತಾರೀಖು ಕೂತಿತ್ತು. ನಿಜವಾದ ದಾಖಲೆಗಳು ಹೀಗೆ ಕೆಟ್ಟಿದ್ದರೆ?

ರಾತ್ರಿ ಊಟದ ಹೊತ್ತಿಗೆ ಅತ್ತೆಗೆ ಹೇಳಿದೆ. ನಕ್ಕೇ ನಕ್ಕರು.

"ಮೊನ್ನೆ ನನ್ನ ಡಬ್ಬಿಗಳ ಮಧ್ಯೆ ನಿನ್ನ ಕಾಫಿಪುಡಿ ಇಟ್ಟೆಯಲ್ಲೇ! ಎಲ್ಲಾ ಜರುಗಿತ್ತು, ನಾನು ನೋಡದೇನೇ ಸಕ್ಕರೆ ಜಾಗಕ್ಕೆ ಕೈಹಾಕಿ ಟೀಗೆ ಉಪ್ಪು ಸುರಿದೆ. ನಿಂದು ಕೊನೇಲಿಡು ಮಗಳೇ. ಸೊಸೆ ಬರ್ತಾಳೆ ಅಂತಾನೇ ಅಲ್ಲಿ ಜಾಗ ಬಿಟ್ಟಿದ್ದೆ."

ಓಡಿಹೋಗಿ ಕೋಡ್ ತೆರೆದೆ. ಅದನ್ನು ಬರೆದ ಪುಣ್ಯಾತ್ಮರೂ, ಮುಂದೆ ಬರುವವರಿಗೆಂದು, ಕೊನೆಯಲ್ಲಿ ಐವತ್ತು ಖಾನೆ ಖಾಲಿ ಬಿಟ್ಟಿದ್ದಾರೆ! ನನ್ನದನ್ನು ಅಲ್ಲಿಟ್ಟೆ, ಪರೀಕ್ಷೆ ಪಾಸು! ನನ್ನವನನ್ನು ಎಬ್ಬಿಸಿ ಹೇಳೋಣವೆಂದರೆ ಗೊರಕೆ.

ಕಾಫಿ ಡಬ್ಬಿಯೂ ಈಗ ಕೊನೆಯಲ್ಲಿದೆ. ಅದರಾಚೆ ಇನ್ನೂ ಒಂದು ಪುಟ್ಟ ಡಬ್ಬಿಯಷ್ಟು ಜಾಗವಿದೆ. ಅದು ಯಾರಿಗೆ ಅಂತ ಅತ್ತೆಯನ್ನು ಕೇಳಲು ನನಗೆ ನಾಚಿಕೆ!