ನಾಲ್ಕಕ್ಕೆ ತೆರೆಯುವ ಬಾಯಿ

ಲಕಮನಹಳ್ಳಿ, ಧಾರವಾಡ
೧೪ ಜುಲೈ ೨೦೨೪

ಪ್ರೀತಿಯ ಮಗಳು ಬುಶ್ರಾಳಿಗೆ,

ಸಲಾಂ. ಸೋಮವಾರವೇ ಬರೆಯಬೇಕಿತ್ತು, ಮೂರು ಹಾಳೆ ಹರಿದು ಹಾಕಿದೆ. ನೀನಿರುವ ಗಬ್ಬೂರೇನು ದೂರವಲ್ಲ, ಫೋನೂ ಇದೆ, ಪತ್ರವೇಕೆ ಎನ್ನುತ್ತೀ. ಫೋನಿನಲ್ಲಿ ನಾನು ‘ಹೂಂ’ ಬಿಟ್ಟು ಬೇರೇನು ಹೇಳಿದ್ದೇನೆ? ಮೊದಲು ಸಂಗತಿಗಳನ್ನು ಕ್ರಮವಾಗಿ ಬರೆಯುತ್ತೇನೆ.

೧. ನಿನ್ನ ಮಗ ಅರಫಾತನಿಗೆ ಎರಡು ವರ್ಷ ಐದು ತಿಂಗಳು. ಆಡುವ ಮಾತು ಎರಡೇ.
೨. ಕಿವಿ ಸರಿಯಾಗಿದೆ; ಪರೀಕ್ಷೆಯಾಗಿದೆ.
೩. ರಾಯಾಪುರದ ಮಕ್ಕಳ ಡಾಕ್ಟರ್ ರಾಜೇಶ್ವರಿ ಅವರು ಪ್ರತಿ ಗುರುವಾರ ಮಾತಿನ ತರಬೇತಿಗೆ ಕರೆತರಲು ಹೇಳಿದರು.
೪. ಮೊನ್ನೆ ಗುರುವಾರ ನೀವು ಹೋಗಲಿಲ್ಲ. ಅದಕ್ಕೆ ಕಾರಣ ನಾನು.

ಸೋಮವಾರ ಅರಫಾತ ರಂಪ ಮಾಡಿದನೆಂದು ನೀನು ಅವನನ್ನು ಡಾಕ್ಟರ ಕೋಣೆಯಿಂದ ಹೊರಗೆ ಎತ್ತಿಕೊಂಡು ಹೋದೆಯಲ್ಲ, ಆಗ ಒಳಗೆ ನಡೆದದ್ದು ನಿನಗೆ ತಿಳಿಯದು. ವಂಶದಲ್ಲಿ ತಡವಾಗಿ ಮಾತಾಡಿದವರುಂಟೇ ಎಂದು ಡಾಕ್ಟರು ಕೇಳಿದರು. ನನ್ನ ತಂದೆ, ನಾನು, ಬುಶ್ರಾ ಎಂದೆ. ನೀನು ಕಾಣದ ನಿನ್ನ ಅಜ್ಜಿ ಚಾಂದಬಿ ಹೇಳುತ್ತಿದ್ದುದನ್ನೂ ಹೇಳಿದೆ: “ನಮ್ಮ ಮನಿತನದವರ ಬಾಯಿ ನಾಲ್ಕು ವರ್ಷಕ್ಕ ತೆರಿತಾವ.”

ನಿನ್ನ ಅತ್ತೆ ಸುಲ್ತಾನಾ ಅವರಿಗೆ ಅಷ್ಟೇ ಸಾಕಾಯಿತು. “ಕೇಳಿದ್ರಿಲ್ರಿ ಡಾಕ್ಟರಮ್ಮಾ? ರಕ್ತಾನ ಹಂಗೈತಿ. ನಾಲ್ಕಕ್ಕ ತಾನ ಮಾತಾಡ್ತಾನ. ಅಲ್ಲೀಮಟಾ ಆಟೋದಾಗ ತಿರುಗೂದ್ಯಾಕ?” ಎಂದರು. ನನ್ನ ಕಡೆ ತಿರುಗಿ, “ಬೀಗರ, ನಿಮ್ಮ ಮಗಳು ಈಗ ಆಡೋ ಮಾತು ಕೇಳಿದ್ರ, ಎಂಟಕ್ಕ ತೆರದಿದ್ರೂ ನಡೀತಿತ್ತು!” ಎಂದು ನಕ್ಕರು.

ಡಾಕ್ಟರು ನಗಲಿಲ್ಲ. “ವಂಶದ್ದು ಬ್ಯಾರೆ, ಸಾಕಿದ್ದು ಬ್ಯಾರೆ ಅನ್ನಬ್ಯಾಡ್ರಿ. ಎರಡೂ ಕೂಡೇ ಕೂಸಿನ ಮಿದುಳು ಕಟ್ತಾವ. ತಡಾ ಮಾತಾಡೋ ಮನಿತನದ ಕೂಸಿಗೆ ಮಾತು ಹೆಚ್ಚ ಬೇಕು, ಕಡಿಮಿ ಅಲ್ಲ.”

ಅಂದಿನಿಂದ ಕೈಗೆ ಕೆಲಸ ಹತ್ತುತ್ತಿಲ್ಲ. ನಿನ್ನೆ ಶೆಡ್ಡಿನಲ್ಲಿ, ಲೇಥ್ ಯಂತ್ರಕ್ಕೆ ಹಾಕಿದ ಎರಡು ಕಬ್ಬಿಣದ ತುಂಡುಗಳನ್ನು ಅಳತೆ ಮೀರಿ ಕೊರೆದೆ. ಅವನ್ನು ಎಸೆದು ಬೇರೆ ತುಂಡು ಹಿಡಿದೆ. ಅರಫಾತನಿಗೆ ನಾಲ್ಕು ತುಂಬುವವರೆಗಿನ ಈ ಕಾಲ ಕೆಟ್ಟರೆ ಬೇರೆ ತುಂಡಿಲ್ಲ.

ಅಲ್ಲಾಹನು ನಿಮ್ಮನ್ನು ನೆಮ್ಮದಿಯಿಂದ ಇಡಲಿ. ಅಳಿಯ ಇಕ್ಬಾಲನಿಗೆ ಸಲಾಂ, ಅರಫಾತನ ಗಲ್ಲಕ್ಕೊಂದು ಮುತ್ತು.

ನಿನ್ನ ಅಬ್ಬಾ,
ಉಸ್ಮಾನಸಾಬ

ತಾ.ಕ.: ಡಾಕ್ಟರು ಇನ್ನೊಂದು ಪ್ರಶ್ನೆ ಕೇಳಿದ್ದರು. “ಬುಶ್ರಾ ಸಣ್ಣಾಕಿದ್ದಾಗ ಯಾರು ಮಾತಾಡಸ್ತಿದ್ರು?” “ಎಲ್ಲಾರೂರೀ” ಎಂದೆ. ಅದು ಸುಳ್ಳು.

ನೀನು ಹುಟ್ಟಿದ ದಿನ ನಿನ್ನ ಕಿವಿಯಲ್ಲಿ ಅಜಾನ್ ಹೇಳಿದೆ. ನಿನಗೆ ಏಳು ತಿಂಗಳಾದಾಗ ನಿನ್ನ ತಾಯಿ ತೀರಿಕೊಂಡಳು. ಅನಂತರ ಸುಮಾರು ಮೂರು ವರ್ಷ ನಿನ್ನನ್ನು ಶೆಡ್ಡಿಗೆ ಒಯ್ದು, ಲೇಥಿನ ಪಕ್ಕ ಮರದ ಪೆಟ್ಟಿಗೆಯಲ್ಲಿ ಕೂರಿಸುತ್ತಿದ್ದೆ. ಹಾಲು, ಬಟ್ಟೆ, ಔಷಧ ಯಾವುದೂ ತಪ್ಪಲಿಲ್ಲ. ಮಾತು ಮಾತ್ರ ಆಡಲಿಲ್ಲ. ನಿನ್ನ ಬಾಯಿಂದ ಮೊದಲು ಬಂದದ್ದು ಲೇಥಿನ ಸದ್ದು. ನಾನು ನಕ್ಕೆ, ಪಕ್ಕದ ಶೆಡ್ಡಿನವರನ್ನು ಕರೆದು ಕೇಳಿಸಿದೆ. ನೆರೆಮನೆಯ ಗೌರಕ್ಕ ನಗಲಿಲ್ಲ. “ಕೂಸಿನ್ನ ಇಲ್ಲೆ ಕೊಡ್ರಿ. ಕಬ್ಬಿಣದ ಜೋಡಿ ಅದೇನ್ ಮಾತಾಡೀತು?” ಎಂದು ನಿನ್ನನ್ನು ಎತ್ತಿಕೊಂಡು ಹೋದಳು. ದಿನವಿಡೀ ಅವಳು ಮಾತಾಡಿಸುತ್ತಿದ್ದಳು; ನಾಲ್ಕು ತುಂಬುವಷ್ಟರಲ್ಲಿ ನೀನು ಮಾತಾಡಿದೆ. ರಕ್ತದ ಪಾಲೆಷ್ಟು, ನನ್ನ ಮೌನದ ಪಾಲೆಷ್ಟು, ಅಳೆಯುವ ಗೇಜು ನನ್ನಲ್ಲಿಲ್ಲ.

ಗುರುವಾರ ಒಂಬತ್ತಕ್ಕೆ ಗಬ್ಬೂರಿಗೆ ಬರುತ್ತೇನೆ. ಸುಲ್ತಾನಾ ಅವರೆದುರು ಇದನ್ನು ಬಾಯಿಬಿಟ್ಟು ಹೇಳುತ್ತೇನೆ. ಅರಫಾತನನ್ನು ರಾಯಾಪುರಕ್ಕೆ ನಾನೇ ಕರೆದೊಯ್ಯುತ್ತೇನೆ; ದಾರಿಯುದ್ದಕ್ಕೂ ಅವನೊಡನೆ ಮಾತಾಡುತ್ತೇನೆ.