ಗುಬ್ಬಿಯ ಉದ್ದ ಫ್ರಾಕು

ಹದಿನಾಲ್ಕನೇ ತಾರೀಕು, ಸೋಮವಾರ
ಬೆಳಿಗ್ಗೆ ಒಂಬತ್ತು ಗಂಟೆ

ನನ್ನ ಮುದ್ದಿನ ಮಗಳೇ,

ದೇವರು ನಿನ್ನನ್ನೂ ಮಕ್ಕಳನ್ನೂ ರೆಪ್ಪೆ ಮುಚ್ಚದೆ ಕಾಯಲಿ. ಇವತ್ತು ನನಗೆ ಉಪವಾಸ. ಎದ್ದು ಅಂಗಳ ಗುಡಿಸಿ, ನೀರು ತುಂಬಿ, ದೇವರ ಮುಂದೆ ದೀಪ ಹಚ್ಚಿ, ನಿಮ್ಮಪ್ಪನಿಗೆ ಡಬ್ಬಿ ಕಟ್ಟಿ ಕೆಲಸಕ್ಕೆ ಕಳಿಸಿ, ಮಿಷನ್ನಿನ ಮೇಲಿದ್ದ ಶಾಲೆಯ ಯೂನಿಫಾರಂಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಈ ಕಾಗದಕ್ಕೆ ಕೂತಿದ್ದೇನೆ. ಹೊಟ್ಟೆ ಖಾಲಿಯಿದ್ದಾಗ ಸುಳ್ಳು ಬರೆಯಲು ಕೈ ಏಳುವುದಿಲ್ಲ, ಅದಕ್ಕೇ ಉಪವಾಸದ ದಿನವನ್ನೇ ಆರಿಸಿಕೊಂಡೆ. ನಾವು ಪ್ರವಾಸದಿಂದ ಬಂದು ಆರು ದಿನವಾಯಿತು. ನನ್ನ ಎದೆ ಇನ್ನೂ ತಹಬಂದಿಗೆ ಬಂದಿಲ್ಲ. ನಿನ್ನೆ ಹೊಲಿಯುತ್ತ ಹೊಲಿಯುತ್ತ ಒಂದು ಶರ್ಟಿಗೆ ಎರಡೂ ತೋಳು ಎಡಗೈಯದೇ ಕೂರಿಸಿಬಿಟ್ಟೆ.

ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ನಿಮ್ಮಪ್ಪ ಗೊತ್ತಲ್ಲ. ನಿನ್ನ ಫೋನು ಬಂದರೆ ಸಾಕು, ಸ್ಪೀಕರ್ ಹಾಕಿ ಬೀದಿಗೆಲ್ಲ ಕೇಳುವ ಹಾಗೆ “ಅಳಿಯಂದಿರು ಹೇಗಿದ್ದಾರಮ್ಮಾ?” ಎಂದು ಶುರು ಮಾಡುತ್ತಾರೆ.

ನೀನು ಕರೆದಾಗ ನನಗೆಷ್ಟು ಹಿಗ್ಗಾಗಿತ್ತು ಗೊತ್ತೇ? “ಮಕ್ಕಳಿಗೆ ರಜೆ. ಅವ್ರಿಗೆ ಕೆಲಸದಲ್ಲಿ ರಜೆ ಸಿಗ್ಲಿಲ್ಲ. ನೀನು ಬಾಮ್ಮಾ, ಕಡಿಮೆ ಖರ್ಚಲ್ಲಿ ಮೂರು ದಿನ ದೊಡ್ಡ ಸಿಟಿ ಸುತ್ತಾಡ್ಕೊಂಡು ಬರೋಣ” ಎಂದೆ. ಐವತ್ತು ವರ್ಷದಲ್ಲಿ ಆ ನಗರವನ್ನು ಕ್ಯಾಲೆಂಡರಿನಲ್ಲಿ ನೋಡಿದ್ದೇ ಹೊರತು ಕಣ್ಣಾರೆ ನೋಡಿರಲಿಲ್ಲ. ನಾವು ಅಲ್ಲಿ ಇಳಿದುಕೊಂಡಿದ್ದ, ಇಸ್ತ್ರಿ ಅಂಗಡಿಯ ಮೇಲಿನ ಆ ಒಂದೇ ಕೋಣೆ, ಗೋಡೆಗೆ ಮುಖ ಮಾಡಿದ ಕಿಟಕಿ, ಎರಡು ಮಂಚಕ್ಕೆ ನಾಲ್ಕು ಜನ, ಇಡೀ ಮಹಡಿಗೆ ಒಂದೇ ಬಚ್ಚಲು. ನನಗೆ ಅದೂ ಅರಮನೆಯ ಹಾಗಿತ್ತು. ಸ್ಟೇಷನ್ನಿನ ನಲ್ಲಿಯಲ್ಲಿ ನಾಲ್ಕು ಬಾಟಲಿ ನೀರು ತುಂಬಿಕೊಂಡು, ಬ್ರೆಡ್ಡು ಬಾಳೆಹಣ್ಣು ಚೀಲಕ್ಕೆ ಹಾಕಿ, ಯಾವ ಜಾಗಕ್ಕೆ ಯಾವ ದಿನ ಬಿಟ್ಟಿ ಎಂದು ಚೀಟಿ ಬರೆದಿಟ್ಟಿದ್ದೆಯಲ್ಲ, ನೋಡಿ ಹೆಮ್ಮೆಪಟ್ಟೆ. ಮಗಳು ನನ್ನ ಕೈಯಲ್ಲೇ ಪಳಗಿದವಳು ಎಂದುಕೊಂಡೆ.

ಮೊದಲ ದಿನವೇ ಆ ಊರು ನನ್ನ ಜೀವ ಹಾರಿಸಿತು. ದೊಡ್ಡ ಚೌಕದಲ್ಲಿ ಬೆಳ್ಳಿಯ ಮೂರ್ತಿಯೊಂದು ನಿಂತಿದೆ, ಯಾರೋ ಮಹಾತ್ಮರಿರಬೇಕು ಎಂದು ಚಪ್ಪಲಿ ಬಿಟ್ಟು ಕೈ ಮುಗಿದೆನಲ್ಲ. ಮೂರ್ತಿ ಕಣ್ಣು ಹೊಡೆಯಿತು! ನಾನು ಕಿರುಚಿದ್ದಕ್ಕೆ ಪಾರಿವಾಳಗಳೆಲ್ಲ ಎದ್ದು ಹೋದವು. ಮೈಗೆ ಬಣ್ಣ ಬಳಿದುಕೊಂಡು ಹೊಟ್ಟೆಪಾಡಿಗೆ ನಿಂತ ಮನುಷ್ಯ. ನಮ್ಮ ಪುಟ್ಟ ಗುಬ್ಬಿ ನಕ್ಕು ನಕ್ಕು ನೆಲದ ಮೇಲೆ ಕೂತಳು, ದೊಡ್ಡವನು “ಅಜ್ಜೀ, ಇನ್ನೊಂದ್ಸಲ ಕೈ ಮುಗಿ, ಫೋಟೋ ತೆಗೀತೀನಿ” ಎಂದ. ನೀನೂ ನಕ್ಕೆ. ಆ ಮೂರು ದಿನದಲ್ಲಿ ನೀನು ಬಾಯ್ತುಂಬ ನಕ್ಕದ್ದು ಅದೊಂದೇ ಸಲ. ಆಗ ನನಗೆ ಹೊಳೆಯಲಿಲ್ಲ.

ಅವತ್ತೇ ಸಂಜೆ ಮೀನುಗಳ ಮನೆಯ ಬಾಗಿಲಲ್ಲಿ ಅಳತೆಯ ಕಂಬ ನೋಡಿದೆ. ಕೆಂಪು ಗೆರೆಗಿಂತ ಕೆಳಗಿರುವ ಮಕ್ಕಳಿಗೆ ಟಿಕೆಟ್ ಇಲ್ಲ. ಗುಬ್ಬಿ ಹೋಗಿ ನಿಂತಳು, ತಲೆ ಗೆರೆಗೆ ಎರಡು ಬೆರಳು ಕಡಿಮೆ. ನನಗೆ ಪಿಚ್ಚೆನಿಸಿತು. ಆರು ತುಂಬಿದ ಮಗು ನಾಲ್ಕರ ಹಾಗಿದೆ, ಸರಿಯಾಗಿ ಊಟ ಕೊಡುತ್ತೀಯೋ ಇಲ್ಲವೋ ಎಂದು ಒಳಗೊಳಗೇ ನಿನ್ನನ್ನು ಬೈದುಕೊಂಡೆ. ಆದರೆ ಕೋಣೆಗೆ ಬಂದು ಅವಳ ತಲೆ ಬಾಚುವಾಗ ಎತ್ತರ ನನ್ನ ಸೊಂಟಕ್ಕಿಂತ ಗೇಣು ಮೇಲಿತ್ತು, ಆರರ ಮಗುವಿಗೆ ಸರಿಯಾಗಿಯೇ! ಕಂಬವೇ ತಪ್ಪಿರಬೇಕು ಎಂದು ಸುಮ್ಮನಾದೆ. ನನ್ನ ಕಣ್ಣು ಅವಳ ಫ್ರಾಕಿನ ಮೇಲಿತ್ತು. ಪಾದ ಮುಚ್ಚುವಷ್ಟು ಉದ್ದ. ಊರಿನ ಧೂಳೆಲ್ಲ ಅದರ ಅಂಚಿನಲ್ಲಿ, ಮೆಟ್ಟಿಲಲ್ಲಿ ಎರಡು ಸಲ ಎಡವಿದ್ದಳು. ಮೂವತ್ತು ವರ್ಷ ಮಕ್ಕಳ ಬಟ್ಟೆ ಹೊಲಿದವಳಿಗೆ ಅದನ್ನು ನೋಡಿಕೊಂಡು ಇರಲಾದೀತೇ?

ಮರುದಿನ ಬೆಳಗಾಗುತ್ತಲೇ ನೀನು ಬಚ್ಚಲಿನ ಸಾಲಿನಲ್ಲಿ ಬಕೆಟ್ ಹಿಡಿದು ನಿಂತಿದ್ದೆ. ನಾನು ಪ್ರಾರ್ಥನೆ ಮುಗಿಸಿ, ಚೀಲದಲ್ಲಿದ್ದ ಸೂಜಿದಾರ ತೆಗೆದು, ಆ ಅಂಚನ್ನು ಮಡಿಚಿ ಮೊಣಕಾಲಿಗೆ ಸರಿಯಾಗಿ ಹೆಮ್ಮಿಂಗ್ ಮಾಡಿಬಿಟ್ಟೆ. ಹಾಕಿ ನೋಡಿದರೆ ಬೊಂಬೆಯ ಹಾಗಿದ್ದಳು. ನೀನು ಬಂದು ನೋಡಿದೆ. ನಿನ್ನ ಮುಖ ಸುಣ್ಣವಾಯಿತು. “ಯಾಕಮ್ಮಾ ಅದನ್ನ ಮುಟ್ಟೋಕೆ ಹೋದೆ? ಯಾರು ಹೇಳಿದ್ರು ನಿಂಗೆ?” ಎಂದೆ. ನನಗೆ ಅಳು ಬಂತು. ಉಳಿದ ಬಟ್ಟೆ ಒಗೆದು ಹಾಕಿದ್ದು ಇನ್ನೂ ಒದ್ದೆ, ಹೊರಡುವ ಹೊತ್ತಾಗಿತ್ತು. ಅದರಲ್ಲೇ ಕರೆದುಕೊಂಡು ಹೊರಟೆವು.

ಮೇಲೆ ಹತ್ತಿ ಊರು ನೋಡುವ ಗೋಪುರದ ಮುಂದಿನ ಆ ಸಾಲು ಹಾವಿನ ಹಾಗೆ ಸುತ್ತಿತ್ತು. ನಮ್ಮ ಸರದಿ ಬಂತು. ಟಿಕೆಟ್ ಕೊಡುವವರು ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದರು. ಗುಬ್ಬಿ ತಾನಾಗಿಯೇ ಓಡಿ ಹೋಗಿ ಅಲ್ಲಿನ ಅಳತೆಯ ಕಂಬಕ್ಕೆ ಬೆನ್ನು ಕೊಟ್ಟಳು. ಕೊಟ್ಟು, ಎರಡೂ ಮೊಣಕಾಲು ಬಾಗಿಸಿ, ಮುಖ ಮಾತ್ರ ನೇರ ಇಟ್ಟುಕೊಂಡು ನಿಂತಳು. ಹಿಂದಿನ ದಿನ ಅದನ್ನು ಮುಚ್ಚಿದ್ದ ಬಟ್ಟೆ ಅವತ್ತು ಇರಲಿಲ್ಲ. ಆ ಬಾಗಿದ ಪುಟ್ಟ ಮೊಣಕಾಲುಗಳು ಊರಿಗೆಲ್ಲ ಕಾಣುತ್ತಿದ್ದವು.

“ಏನು ಪುಟ್ಟೀ, ಕುರ್ಚಿ ತರಿಸ್ಲಾ?” ಎಂದರು ಅವರು. ಹಿಂದಿದ್ದವರೆಲ್ಲ ಹೋ ಎಂದು ನಕ್ಕರು. “ನೆಟ್ಟಗೆ ನಿಲ್ಲು. ವಯಸ್ಸೆಷ್ಟು ನಿಂಗೆ? ಅಪ್ಪ ಎಲ್ಲಿ, ಕರಿ.”

ಗುಬ್ಬಿ ನಿನ್ನನ್ನು ನೋಡಿದಳು. ನೀನು ಚೀಲದೊಳಗೆ ಏನೋ ಹುಡುಕುತ್ತಿದ್ದೆ. ಮಗು ಹೆದರಿ, ಕಲಿಸಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟಿತು. “ನಂಗೆ ನಾಲ್ಕು ವರ್ಷ. ಇನ್ನೂ ಶಾಲೆಗೆ ಹೋಗಲ್ಲ. ಅಪ್ಪ ದೂರದ ಕೆಲಸಕ್ಕೆ ಹೋಗಿದಾರೆ, ಮುಂದಿನ ತಿಂಗಳು ಬರ್ತಾರೆ. ಅಪ್ಪ ಬೀರುವಲ್ಲಿದ್ದ ಬಟ್ಟೆ ಎಲ್ಲಾ ತಗೊಂಡು ಹೋಗಿದ್ದು ಅಜ್ಜಿಗೆ ಹೇಳ್ಬಾರ್ದು.”

ದೊಡ್ಡವನು ಅವಳ ಬಾಯಿ ಮುಚ್ಚಿದ. “ಅದು ಇಲ್ಲಿ ಹೇಳೋದಲ್ಲ ಕಣೇ!” ಎಂದು ಹಲ್ಲು ಕಚ್ಚಿ ಗದರಿದ.

ಅದು ಇಲ್ಲಿ ಹೇಳುವುದಲ್ಲ! ಅಂದರೆ ಒಂದೊಂದು ಜಾಗಕ್ಕೆ ಒಂದೊಂದು ಉತ್ತರ. ಒಂಬತ್ತು ವರ್ಷದ ಹುಡುಗ ಅದನ್ನೆಲ್ಲ ವಿಂಗಡಿಸಿ ತಲೆಯಲ್ಲಿ ಜೋಡಿಸಿಟ್ಟುಕೊಂಡಿದ್ದಾನೆ. ನಗುತ್ತಿದ್ದವರು ಒಬ್ಬೊಬ್ಬರಾಗಿ ಬೇರೆ ಕಡೆ ನೋಡತೊಡಗಿದರು. ಆ ಟಿಕೆಟ್ಟಿನವರು ಕನ್ನಡಕ ತೆಗೆದು ಒರೆಸಿ, ಗುಬ್ಬಿಗೆ ಟಿಕೆಟ್ಟೂ ಹರಿಯದೆ “ಹೋಗಮ್ಮಾ, ಹೋಗಿ ಹತ್ತಿ” ಎಂದರು. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮೆತ್ತಗಿನ ದನಿ ತಡೆಯಲಾಗಲಿಲ್ಲ.

ಎತ್ತರಕ್ಕೆ ಹೋದರೆ ತಲೆ ಸುತ್ತುತ್ತದೆ ಎಂದು ನಾನು ಕೆಳಗೇ ಉಳಿದೆ. ನನಗೆ ತಲೆ ಸುತ್ತುವುದಿಲ್ಲ, ಅದು ನಿನಗೂ ಗೊತ್ತು. ಕಲ್ಲುಬೆಂಚಿನ ಮೇಲೆ ಕೂತು ದಿನಾ ಹೇಳುವ ಪ್ರಾರ್ಥನೆಯನ್ನೇ ಹೇಳಹೊರಟೆ. ಅರ್ಧಕ್ಕೆ ಮರೆತುಹೋಯಿತು. ಮೇಲಿನಿಂದ ಯಾರೋ ಕೈ ಬೀಸಿದರು, ನೀವೋ ಬೇರೆಯವರೋ ಕಾಣಲಿಲ್ಲ. ನಾನೂ ಬೀಸಿದೆ.

ನೀನು ಇಳಿದು ಬಂದು ನನಗೆ ನಿಂಬೆ ಪಾನಕ ತಂದುಕೊಟ್ಟು “ಬಿಸಿಲು ಜಾಸ್ತಿ ಅಲ್ವಾಮ್ಮಾ?” ಎಂದೆ. “ಹೌದು, ಜಾಸ್ತಿ” ಎಂದೆ ನಾನು. ಉಳಿದ ಒಂದೂವರೆ ದಿನ ನಾವಿಬ್ಬರೂ ಬಿಸಿಲಿನ ಬಗ್ಗೆಯೇ ಮಾತಾಡಿದೆವು. ವಾಪಸು ಬರುವಾಗ ಬಸ್ಸಿನಲ್ಲಿ ನೀನು ಗುಬ್ಬಿಯನ್ನು ಮಲಗಿಸಿಕೊಂಡು ಕಣ್ಣು ಮುಚ್ಚಿದ್ದೆ. ದೊಡ್ಡವನ ಕಿವಿಯಲ್ಲಿ “ಯಾವಾಗಿಂದ?” ಎಂದು ಕೇಳಿದೆ. ಕಿಟಕಿಯ ಕಡೆ ತಿರುಗಿ “ಅರ್ಧವಾರ್ಷಿಕ ಪರೀಕ್ಷೆ ದಿನ. ನಾನು ಲೆಕ್ಕದ ಪೇಪರ್ ಬರ್ದು ಬಂದೆ, ಅಷ್ಟರಲ್ಲಿ ಹೋಗಿದ್ರು” ಎಂದ. ಅಷ್ಟೇ.

ಎಂಟು ತಿಂಗಳು ಮಗಳೇ! ಪ್ರತಿ ಭಾನುವಾರ ಫೋನಿನಲ್ಲಿ “ಈಗ ತಾನೇ ಹೊರಗೆ ಹೋದ್ರು”, “ಸ್ನಾನಕ್ಕೆ ಹೋಗಿದಾರೆ” ಎನ್ನುತ್ತಿದ್ದೆ. ಇಷ್ಟು ಸ್ನಾನ ಮಾಡುವ ಗಂಡಸನ್ನು ನಾನು ಕಂಡಿಲ್ಲ ಎಂದು ನಿಮ್ಮಪ್ಪನ ಮುಂದೆ ತಮಾಷೆ ಮಾಡಿ ನಕ್ಕಿದ್ದೆ. ಈಗ ಆ ನಗು ನೆನೆದರೆ ಮೈಯೆಲ್ಲ ಉರಿಯುತ್ತದೆ. ಒಂಟಿಯಾಗಿ ಮನೆ ನಡೆಸುತ್ತಿದ್ದೀಯ, ಇರಲಿ. ನನಗೆ ಹೇಳಲಿಲ್ಲ, ಅದೂ ಇರಲಿ. ಆದರೆ ಹಾಲುಹಲ್ಲು ಬೀಳದ ಮಗುವಿನ ಬಾಯಿಗೆ ಇಂಥ ಸುಳ್ಳು ತುರುಕುವುದನ್ನು ಎಲ್ಲಿ ಕಲಿತೆ? ನಮ್ಮ ಮನೆಯಲ್ಲಂತೂ ಅಲ್ಲ.

ಈಗ ಅವಸರದ ಮಾತು ಕೇಳು. ನಿಮ್ಮಪ್ಪ ಇಪ್ಪತ್ತಾರಕ್ಕೆ ನಿನ್ನ ಮನೆಗೆ ಹೊರಟಿದ್ದಾರೆ. ಅಳಿಯಂದಿರಿಗೆಂದು ತಿಳಿನೀಲಿ ಶರ್ಟಿನ ಬಟ್ಟೆ ತಂದು ನನ್ನ ಮೇಜಿನ ಮೇಲಿಟ್ಟಿದ್ದಾರೆ. “ಅಳತೆ ಕೇಳ್ದೆಯಾ? ತೋಳು ಉದ್ದ ಇರ್ಲಿ, ಅವ್ರ ಕೈ ಉದ್ದ” ಎಂದು ದಿನಾ ಕೇಳುತ್ತಾರೆ. ಯಾರ ಅಳತೆ ಕೇಳಲಿ? ನಿಮ್ಮಪ್ಪ ಬಂದು ಬಾಗಿಲು ತಟ್ಟಿದಾಗ ಗುಬ್ಬಿ ಅವರಿಗೂ ಒಂದು ಉತ್ತರ ಒಪ್ಪಿಸುವುದು ಬೇಡ. ಅದನ್ನು ನಾನು ಇನ್ನೊಮ್ಮೆ ಕೇಳಲಾರೆ.

ನೀನು ಹ್ಞೂಂ ಎಂದರೆ ಇಪ್ಪತ್ತಕ್ಕೇ ನಾನು ಬರುತ್ತೇನೆ. ಕೈಮಿಷನ್ನು ತರುತ್ತೇನೆ, ನಿನ್ನ ಮುಂದಿನ ಕೋಣೆಯಲ್ಲಿ ಹಾಕಿಕೊಂಡು ಕೂರುತ್ತೇನೆ. ಶಾಲೆ ಶುರುವಾಗುವ ಕಾಲ, ಕೆಲಸಕ್ಕೆ ಬರವಿಲ್ಲ. ನಿಮ್ಮಪ್ಪ ಬಂದಾಗ ಬಾಗಿಲು ನಾನೇ ತೆಗೆಯುತ್ತೇನೆ. ಬೇಡ, ಇಲ್ಲಿಗೇ ಬರುತ್ತೇನೆ ಎಂದರೆ ಹಿಂದಿನ ಕೋಣೆ ಖಾಲಿ ಮಾಡಿಡುತ್ತೇನೆ. ಎರಡರಲ್ಲಿ ಒಂದು ಹೇಳು. ಏನೂ ಆಗಿಲ್ಲ ಎಂದು ಮಾತ್ರ ಬರೆಯಬೇಡ.

ಗುಬ್ಬಿಯ ಫ್ರಾಕಿನ ಬಟ್ಟೆಯನ್ನು ನಾನು ಕತ್ತರಿಸಿಲ್ಲ, ಒಳಗೆ ಮಡಿಚಿದೆ ಅಷ್ಟೇ. ಅವಳು ಬೆಳೆದ ಮೇಲೆ ದಾರ ಬಿಚ್ಚು. ಅದಕ್ಕೆ ಮೊದಲು ಬಿಚ್ಚಬೇಡ.

ದೇವರಲ್ಲಿ ನಿನ್ನ ಸಲುವಾಗಿ ಸೆರಗೊಡ್ಡಿ ನಿಂತಿರುವ
ನಿನ್ನ ಅಮ್ಮ

ತಾ.ಕ.: ಸಹಿ ಹಾಕಿ ಮಡಿಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಮಧ್ಯಾಹ್ನವಾಯಿತು, ಉಪವಾಸ ಮುಗಿದಿಲ್ಲ, ಮೇಲೆ ಒಂದು ಸುಳ್ಳು ಉಳಿದುಬಿಟ್ಟಿದೆ. “ನಮ್ಮ ಮನೆಯಲ್ಲಂತೂ ಅಲ್ಲ” ಎಂದು ಬರೆದೆನಲ್ಲ, ಅದು.

ನಿನಗೆ ಐದು ವರ್ಷವಿದ್ದಾಗ ನಿಮ್ಮಪ್ಪ ಹದಿನಾಲ್ಕು ತಿಂಗಳು ಮನೆಯಲ್ಲಿರಲಿಲ್ಲ. ಎಲ್ಲಿದ್ದರು, ಯಾರ ಜೊತೆಗಿದ್ದರು, ನಾನು ಕೇಳಲಿಲ್ಲ. ಒಂದು ಬೆಳಿಗ್ಗೆ ಬಂದು ಶರ್ಟು ಬಿಚ್ಚಿ ಮೊಳೆಗೆ ನೇತುಹಾಕಿದರು, ನಾನು ನೀರು ಕೊಟ್ಟೆ. ಅಷ್ಟು ದಿನವೂ ಟೀಚರು, ಪಕ್ಕದ ಮನೆಯವರು ಕೇಳಿದರೆ ಏನು ಹೇಳಬೇಕೆಂದು ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಾಯಿಪಾಠ ಮಾಡಿಸಿದವಳು ನಾನೇ. “ಅಪ್ಪ ದೂರದ ಕೆಲಸಕ್ಕೆ ಹೋಗಿದಾರೆ, ಮುಂದಿನ ತಿಂಗಳು ಬರ್ತಾರೆ.” ಒಂದಕ್ಷರ ಆಚೀಚೆ ಇಲ್ಲದೆ ಅದೇ ಮಾತನ್ನು ಗುಬ್ಬಿ ಹೇಳಿದಳು. ನಿನಗೆ ಮರೆತುಹೋಗಿದೆ ಎಂದು ಇಪ್ಪತ್ತೈದು ವರ್ಷ ನಂಬಿಕೊಂಡಿದ್ದೆ. ಬೆಂಚಿನ ಮೇಲೆ ನನ್ನ ಪ್ರಾರ್ಥನೆ ಮರೆತದ್ದು ಅದಕ್ಕೆ.

ಆದ್ದರಿಂದ ನಿಮ್ಮಪ್ಪ ಏನೆನ್ನುತ್ತಾರೋ ಎಂದು ನೀನು ಹೆದರಬೇಡ. ಅವರು ದನಿ ಎತ್ತಿದರೆ, ಇಷ್ಟು ವರ್ಷ ನುಂಗಿಕೊಂಡಿದ್ದ ಒಂದು ಪ್ರಶ್ನೆಯನ್ನು ನಾನು ಅವತ್ತು ಕೇಳುತ್ತೇನೆ. ನೀಲಿ ಬಟ್ಟೆ ದೊಡ್ಡವನಿಗಾಗುತ್ತದೆ, ಅವನ ಅಳತೆ ಬರೆದು ಕಳಿಸು. ಗುಬ್ಬಿಯ ಎತ್ತರವನ್ನೂ ಬರೆ, ನೆಟ್ಟಗೆ ನಿಲ್ಲಿಸಿ ಅಳೆದದ್ದು.

ಈ ಕಾಗದ ತರುವವಳು ನಮ್ಮ ಬಸ್ಸಿನ ಕಂಡಕ್ಟರಮ್ಮ, ಅವಳ ಯೂನಿಫಾರಂ ಹೊಲಿಯುವುದು ನಾನೇ. ಶನಿವಾರ ಅವಳ ಬಸ್ಸು ಮತ್ತೆ ನಿಮ್ಮ ಊರಿನ ಸ್ಟ್ಯಾಂಡಿಗೆ ಬಂದು ಹತ್ತು ನಿಮಿಷ ನಿಲ್ಲುತ್ತದೆ. “ಮಗಳ ಉತ್ತರ ಇಸ್ಕೊಂಡೇ ಬಾರಮ್ಮಾ, ಬರಿಗೈಲಿ ಬರ್ಬೇಡ” ಎಂದು ಅವಳಿಗೆ ಕೈ ಹಿಡಿದು ಹೇಳಿದ್ದೇನೆ.